ಒಬ್ಬನೇ ಸದಸ್ಯನಿರುವ ವರ್ಗ

ಮೊದಲು ಆದದ್ದು ಖುಷಿಯೇ ಎಂಬುದನ್ನು ಅಮಾನುಲ್ಲಾ ಯಾರ ಮುಂದೆಯೂ ಹೇಳುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಮುಖ ತೊಳೆಯುವ ಮುಂಚೆಯೇ ಮೊಬೈಲು ತೆರೆದು, ವಿಶ್ವಕೋಶದಲ್ಲಿ ಯಾರು ಏನು ತಿದ್ದಿದ್ದಾರೆ ಎಂದು ನೋಡುವುದು ಅವನ ಹಳೆಯ ಚಟ. ಯಾರು ಬೇಕಾದರೂ ಬರೆಯಬಹುದಾದ, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದಾದ ಆ ಅಂತರ್ಜಾಲ ವಿಶ್ವಕೋಶದಲ್ಲಿ ಬೇರೆಯವರು ಲೇಖನ ಬರೆಯುತ್ತಿದ್ದರು. ಬರೆಯುವವರು, ತಿದ್ದುವವರು ಎಲ್ಲರಿಗೂ ಅಲ್ಲಿ ಸಂಪಾದಕರೆಂದೇ ಹೆಸರು. ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ಅಮಾನುಲ್ಲಾ ಆ ಲೇಖನಗಳನ್ನು ವರ್ಗಗಳಾಗಿ ವಿಂಗಡಿಸಿ ವರ್ಗಕ್ಕೊಂದು ಸರಿಯಾದ ಹೆಸರಿಡುತ್ತಿದ್ದ. ಆ ಕೆಲಸ ಅವನ ಪಾಲಿಗೆ ಬಂತು ಎನ್ನುವುದಕ್ಕಿಂತ ಬೇರೆ ಯಾರಿಗೂ ಬೇಡವಾಗಿತ್ತು ಎನ್ನುವುದೇ ಸರಿ. ‘ಕೋಲಾರದ ಕೆರೆ’, ‘ಕೋಲಾರ ಜಿಲ್ಲೆ ಕೆರೆಗಳು’, ‘ಕೋಲಾರದ ಸುಂದರ ಕೆರೆಗಳು’ ಎಂದು ಮೂರು ಜನ ಮೂರು ವರ್ಗ ಮಾಡಿಟ್ಟರೆ ಇವನು ಮೂರನ್ನೂ ಕೆಡವಿ ‘ಕೋಲಾರ ಜಿಲ್ಲೆಯ ಕೆರೆಗಳು’ ಎಂದು ಒಂದು ಮಾಡಬೇಕು. ಕೆರೆ ಸುಂದರವೋ ಅಲ್ಲವೋ ನೋಡಿದವರು ಹೇಳಲಿ ಎಂಬುದು ಅವನ ವಾದ. ಇವತ್ತು ನೋಡಿದರೆ ಅವನ ಪರಿಚಯವಿರುವ ಅವನದೇ ಸದಸ್ಯಪುಟದ ಬುಡದಲ್ಲಿ ಹೊಸ ವರ್ಗವೊಂದು ಅಂಟಿಕೊಂಡಿತ್ತು: ‘ಕನ್ನಡಪ್ರೇಮಿ ಮುಸ್ಲಿಂ ಸಂಪಾದಕರು’. ಅಂಟಿಸಿದವನು ಗೌರಿಬಿದನೂರಿನ ವೇಣು. ಓದಿದೊಡನೆ ಅಮಾನುಲ್ಲಾನ ಎದೆ ಹಿಗ್ಗಿತು, ಎರಡನೆಯ ಸಲ ಓದುವಾಗ ಆ ಹಿಗ್ಗಿಗೇ ನಾಚಿಕೆಯಾಯಿತು, ಮೂರನೆಯ ಸಲ ಓದಿ ಎದ್ದು ಹೋಗಿ ನೀರು ಕುಡಿದ.

ನೀರು ಕುಡಿದವನು ಮತ್ತೆ ಬಂದು ಕೂತು ಉಳಿದವರ ಪುಟಗಳನ್ನು ತೆರೆದ. ವೇಣು ತನ್ನನ್ನು ‘ಗೌರಿಬಿದನೂರಿನ ಸಂಪಾದಕರು’ ವರ್ಗಕ್ಕೆ ಸೇರಿಸಿಕೊಂಡಿದ್ದ. ಬೇರೊಂದು ಕಾಲೇಜಿನಲ್ಲಿ ಗಣಿತ ಹೇಳುವ ಹರಿಣಿಯನ್ನೂ, ನಿವೃತ್ತ ಹೆಡ್‌ಮಾಸ್ತರು ಗಂಗುಲಪ್ಪನವರನ್ನೂ ‘ಚಿಂತಾಮಣಿಯ ಸಂಪಾದಕರು’ ವರ್ಗಕ್ಕೆ ಹಾಕಿದ್ದ. ‘ಶಿಡ್ಲಘಟ್ಟದ ಸಂಪಾದಕರು’ ಎಂಬ ವರ್ಗ ಇರಲೇ ಇಲ್ಲ. ಎಲ್ಲರಿಗೂ ಊರು ನೆನಪಾದ ವೇಣುವಿಗೆ ಶಿಡ್ಲಘಟ್ಟಕ್ಕೆ ಬಂದಾಗ ಮಾತ್ರ ಊರು ಮರೆತುಹೋಗಿ ಧರ್ಮ ನೆನಪಾಗಿತ್ತು. ಅದೂ ಎಷ್ಟು ಪ್ರೀತಿಯಿಂದ! ಬೈದಿದ್ದರೆ ತಿರುಗಿ ಬೈಯಬಹುದು, ಪ್ರೀತಿಯಿಂದ ಹೊದಿಸಿದ ಶಾಲನ್ನು ಕಿತ್ತು ಎಸೆಯುವುದು ಹೇಗೆ? ಬಾಯಲ್ಲಿ ಬಿದ್ದ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಮಾನುಲ್ಲಾ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಈ ಹೆಸರಿನಲ್ಲಿ ನಿಯಮದ ಪ್ರಕಾರ ಏನೇನು ತಪ್ಪಿದೆ ಎಂದು ಬೆರಳು ಮಡಿಚಿದ. ಊರಿನ ವರ್ಗಗಳನ್ನು ಬಿಟ್ಟರೆ ಒಂದೇ ಪುಟವಿರುವ ವರ್ಗ ಮಾಡಕೂಡದು. ಹೆಸರಿನಲ್ಲಿ ಹೊಗಳಿಕೆ ಕೂಡದು. ಅಕ್ಕಪಕ್ಕದ ವರ್ಗಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬೇಕು. ಮೂರು ಬೆರಳು ಮಡಿಚುವಷ್ಟರಲ್ಲಿ ಅವನಿಗೆ ಎಷ್ಟೋ ಹಗುರವಾಗಿತ್ತು. ತನಗೆ ನೋವಾಗಿಲ್ಲ, ಹೆಸರು ತಪ್ಪಾಗಿದೆ, ಅಷ್ಟೇ ಎಂದುಕೊಂಡ.

“ಕೈಕು ಜೀ, ಬೆಳಿಗ್ಗೇನೆ ಮೂ ಲಟಕಾಕೊ ಕೂತಿದೀರಿ?” ಎಂದಳು ಹೆಂಡತಿ ಶಹಜಾದಿ, ಚಹಾ ಇಡುತ್ತ. ಅವಳ ಮಾತಿನಲ್ಲಿ ಉರ್ದುವೂ ಕನ್ನಡವೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದವು. ಅಮಾನುಲ್ಲಾ ಏನೂ ಇಲ್ಲ ಎಂದ. ಅವಳು ನಂಬಲಿಲ್ಲ, ಆದರೆ ಒತ್ತಾಯಿಸಲೂ ಇಲ್ಲ. ಈ ಮನುಷ್ಯನ ಮುಖ ಜೋಲು ಬೀಳುವುದಕ್ಕೆ ಎಂಥೆಂಥ ಕಾರಣ ಬೇಕಾದರೂ ಇರಬಹುದೆಂದು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸುತ್ತೇನೆಂದು ಹೊರಟವನು ‘ಬೇಳೆಗಳು’, ‘ಹಿಟ್ಟುಗಳು’ ಎಂದೆಲ್ಲ ಬರೆದು, ಇರುವುದೊಂದೇ ಬೇಳೆ, ‘ಬೇಳೆಗಳು’ ಯಾಕೆ ಎಂದು ಅವಳು ಕೇಳಿದ್ದಕ್ಕೆ, ನಾಳೆ ಇನ್ನೊಂದು ಬಂದರೆ ಎಲ್ಲಿಡುತ್ತೀ ಎಂದು ರೇಗಿದ್ದ. ಸನ್ಮಾನದಲ್ಲಿ ಬಂದ ಶಾಲುಗಳ ವಿಷಯದಲ್ಲೂ ಹಾಗೇ. ಪ್ರತಿ ನವೆಂಬರಿನಲ್ಲಿ ಯಾವುದಾದರೊಂದು ಸಂಘ ಅವನನ್ನು ಕರೆದು, ಮೈಕಿನಲ್ಲಿ “ಮುಸ್ಲಿಂ ಬಾಂಧವರಾಗಿದ್ದರೂ ಕೂಡ” ಎಂದು ಶುರುಮಾಡಿ, ಶಾಲು ಹೊದಿಸಿ ಕಳಿಸುತ್ತಿತ್ತು. ಆ ‘ಆಗಿದ್ದರೂ ಕೂಡ’ ಕೇಳಿದಾಗಲೆಲ್ಲ ಅವನು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂರುತ್ತಿದ್ದ, ಆಮೇಲೆ ನಗುತ್ತಿದ್ದ, ಶಾಲು ಮನೆಗೆ ತರುತ್ತಿದ್ದ. ಶಹಜಾದಿ ಅವನ್ನು ಹೊಲಿಗೆ ಯಂತ್ರಕ್ಕೆ ಹೊದಿಸುತ್ತಿದ್ದಳು. ಇಡೀ ಜಿಲ್ಲೆಯಲ್ಲಿ ಇಷ್ಟು ಸನ್ಮಾನಿತವಾದ ಹೊಲಿಗೆ ಯಂತ್ರ ಇನ್ನೊಂದಿರಲಿಲ್ಲ.

ಆ ದಿನ ಚಿಕ್ಕಬಳ್ಳಾಪುರದಲ್ಲಿ ಜಿಲ್ಲೆಯ ಸಂಪಾದಕರೆಲ್ಲ ಸೇರುವುದಿತ್ತು. ಎಲ್ಲರೆಂದರೆ ನಾಲ್ಕು ಜನ. ವರ್ಗಗಳಿಗೆ ಹೆಸರಿಡುವುದು ಹೇಗೆ ಎಂದು ಅಮಾನುಲ್ಲಾನೇ ಹೇಳಿಕೊಡಬೇಕಿತ್ತು. ಬಸ್ಸು ಶಿಡ್ಲಘಟ್ಟ ಬಿಡುವವರೆಗೂ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ಬರುತ್ತಲೇ ಇತ್ತು, ಹೊರಗಿನವರು ಮೂಗು ಮುಚ್ಚಿಕೊಳ್ಳುವ, ಅವನಿಗೆ ಮಾತ್ರ ಅಪ್ಪನ ಅಂಗಿಯ ನೆನಪು ತರುವ ವಾಸನೆ. ಅಪ್ಪ ಒಮ್ಮೆ ರೇಷ್ಮೆ ಬಿಚ್ಚುವ ಕಾರ್ಖಾನೆಯಿಂದ ಹಾಗೇ ಎದ್ದು ಬಂದಿದ್ದರು, ಮಗ ಶಾಲೆಯಲ್ಲಿ ಪದ್ಯ ಹೇಳುತ್ತಾನೆಂದು. ಆರನೆಯ ತರಗತಿಯ ಕಂಠಪಾಠ ಸ್ಪರ್ಧೆ. ಒಂದಕ್ಷರ ತಪ್ಪದೆ ಹೇಳಿ ಮುಗಿಸಿದಾಗ ಮೇಷ್ಟ್ರು ಎದ್ದು ಬಂದು ತಲೆ ಸವರಿ, “ನೋಡ್ರೋ, ಸಾಬರ ಹುಡ್ಗ ಎಷ್ಟು ಸ್ಪಷ್ಟವಾಗಿ ಹೇಳ್ದ, ನಿಮಗೇನ್ರೋ ಆಗಿದೆ ದಾಡಿ?” ಎಂದು ಉಳಿದವರನ್ನು ಗದರಿದ್ದರು. ಮೊದಲ ಬಹುಮಾನ ಎರಡು ಕಡೆ ತೊದಲಿದ ಇನ್ನೊಬ್ಬನಿಗೆ ಹೋಯಿತು. ಇವನಿಗೆ ‘ವಿಶೇಷ ಬಹುಮಾನ’ ಎಂದು ಹೊಸದಾಗಿ ಒಂದನ್ನು ಹುಟ್ಟಿಸಿ ಸ್ಟೀಲಿನ ತಟ್ಟೆ ಕೊಟ್ಟರು. ಆ ಬಹುಮಾನಕ್ಕೂ ಒಬ್ಬನೇ ಸದಸ್ಯ. ಅಪ್ಪ ಆ ತಟ್ಟೆಯನ್ನು ಎತ್ತಿ ಹಿಡಿದು ಬೀದಿಯುದ್ದಕ್ಕೂ ನಡೆದರು, ಇವನೂ ಪಕ್ಕದಲ್ಲಿ ಬೀಗುತ್ತ ನಡೆದ. ಅವಮಾನವಾಗಿತ್ತು ಎಂದರೆ ಎಷ್ಟೋ ಸುಲಭವಿತ್ತು. ಖುಷಿಯಾಗಿತ್ತು, ಈಗಲೂ ಆಗುತ್ತದೆ, ಬೆಳಿಗ್ಗೆಯೂ ಆಯಿತು. ಐವತ್ತು ದಾಟಿದ ಮೇಲೂ ಯಾರಾದರೂ ತಲೆ ಸವರಿದರೆ ಬಾಲ ಅಲ್ಲಾಡಿಸುವ ಈ ಮನಸ್ಸಿನ ಮೇಲೆ ಅವನಿಗೆ ಸಿಟ್ಟು ಬಂತು. ಪಕ್ಕದಲ್ಲಿ ಕೂತಿದ್ದ ಹೂವಿನ ಮೂಟೆಯ ಹೆಂಗಸು, “ಸ್ವಲ್ಪ ಸರ್ಕಳಿ ಸ್ವಾಮಿ, ಸೇವಂತ್ಗೆ ಜಜ್ಜೋಗ್ತದೆ” ಎಂದಳು. ಅವನು ಸರಿದು ಕೂತ.

ಚಿಕ್ಕಬಳ್ಳಾಪುರದಲ್ಲಿ ಅವರಿಗೆ ಸಿಕ್ಕಿದ್ದು ಕಾಲೇಜೊಂದರ ಕಂಪ್ಯೂಟರ್ ಕೋಣೆ. ವೇಣು ಆಗಲೇ ರೈಲಿನಲ್ಲಿ ಯಲಹಂಕಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಸುತ್ತಿಕೊಂಡು ಬಂದು ಕೂತಿದ್ದ. ನೇರ ಬಸ್ಸಿದೆಯಲ್ಲೋ ಎಂದರೆ ರೈಲಿನಲ್ಲಿ ಕೂತರೆ ಒಂದು ಲೇಖನ ಮುಗಿಯುತ್ತದೆ ಎನ್ನುವ ಆಸಾಮಿ. ತಾಲ್ಲೂಕು ಕಚೇರಿಯಲ್ಲಿ ಕೆಲಸ, ಮೂವತ್ತರ ವಯಸ್ಸು, ಅಮಾನುಲ್ಲಾನನ್ನು ಕಂಡರೆ ಗುರುವನ್ನು ಕಂಡಂತೆ. ಫ್ಯಾನಿನ ಕೆಳಗಿನ ಕುರ್ಚಿ ಒರೆಸಿ ಇಟ್ಟಿದ್ದ, ಅಮ್ಮ ಮಾಡಿ ಕಳಿಸಿದ ನಿಪ್ಪಟ್ಟಿನ ಡಬ್ಬ ಮೊದಲು ಇವನ ಮುಂದೆಯೇ ತೆರೆದ. “ಸಾರ್, ನೋಡಿದ್ರಾ ಸಾರ್?” ಎಂದು ಕೇಳುವಾಗ ಅವನ ಮುಖ ಪರೀಕ್ಷೆಯಲ್ಲಿ ಪಾಸಾದ ಹುಡುಗನದಾಗಿತ್ತು. “ಮುಂದಿನ್ ತಿಂಗ್ಳು ರಾಜ್ಯದೋರೆಲ್ಲ ಸೇರ್ತಾರಲ್ಲ, ಆಗ ನಿಮ್ ಹೆಸ್ರು ಒಂದೇ ಏಟ್ಗೆ ಕಣ್ಗೆ ಬೀಳ್ಬೇಕು ಸಾರ್. ಎಲ್ರಂಗೆ ಊರಿನ್ ವರ್ಗದಲ್ಲಿ ಹಾಕಿದ್ರೆ ಗುಂಪಲ್ಲಿ ಗೋವಿಂದ ಆಗೋಯ್ತೀರಿ.” ಅಮಾನುಲ್ಲಾಗೆ ಗುಂಪಿನಲ್ಲಿ ಗೋವಿಂದನಾಗುವುದೇ ಬೇಕಿತ್ತು. ಅದನ್ನು ಹೇಳಿದರೆ ಈ ಮುಖ ಬಾಡುತ್ತದೆ. ಹೇಳದಿದ್ದರೆ ಆ ಹೆಸರು ನಿಲ್ಲುತ್ತದೆ. ಮುಖವೂ ಬಾಡಬಾರದು, ಹೆಸರೂ ಹೋಗಬೇಕು. ಅವನು ನಿಪ್ಪಟ್ಟು ಕಚ್ಚಿದ. ಅದು ದೊಡ್ಡದಾಗಿ ಶಬ್ದ ಮಾಡಿತು.

ಅಂಬಾಜಿದುರ್ಗದ ಬಂಡೆಗಳ ಬಗ್ಗೆ ಬಂಡೆಯಷ್ಟೇ ಉದ್ದದ ಲೇಖನ ಬರೆದಿದ್ದ ಗಂಗುಲಪ್ಪನವರು ಕೊಡೆ ಊರಿಕೊಂಡು ಬಂದರು, ಅವರ ಹಿಂದೆಯೇ ಹರಿಣಿ. ಹರಿಣಿ ಗೋಡೆಯ ಮೇಲೆ ವರ್ಗಗಳ ಪಟ್ಟಿ ಕಾಣುವಂತೆ ಯಂತ್ರ ಜೋಡಿಸಿದಳು. ಗೋಡೆಯ ತುಂಬ ದೊಡ್ಡ ಅಕ್ಷರಗಳಲ್ಲಿ ಮೊದಲಿಗೆ ಮೂಡಿದ್ದೇ ‘ಕನ್ನಡಪ್ರೇಮಿ ಮುಸ್ಲಿಂ ಸಂಪಾದಕರು’, ಅದರ ಕೆಳಗೆ ಒಂಟಿಯಾಗಿ ತನ್ನ ಹೆಸರು. ಅಮಾನುಲ್ಲಾ ಕೆಮ್ಮಿ, ಅತ್ಯಂತ ಸಾಧಾರಣವಾದ ದನಿಯಲ್ಲಿ, “ಇದರಿಂದಲೇ ಶುರುಮಾಡೋಣ. ನಿಯಮದ ಪ್ರಕಾರ ಒಬ್ಬನೇ ಸದಸ್ಯನಿರುವ ವರ್ಗ ನಿಲ್ಲೋದಿಲ್ಲ” ಎಂದ.

“ಅಯ್ಯೋ, ಅಷ್ಟೇನಾ?” ಎಂದು ಗಂಗುಲಪ್ಪನವರು ವೇಣುವಿನ ಕಡೆ ತಿರುಗಿದರು. “ಬಾಗೇಪಲ್ಲಿ ಕಡೆ ಪರ್ವೇಜ್ ಅಂತ ಒಬ್ಬ ಅವ್ನಲ್ಲಯ್ಯಾ, ಬಸ್ ಸ್ಟ್ಯಾಂಡಿನ ಫೋಟೊ ಹಾಕಿದ್ನಲ್ಲ, ಅವನ್ನ ಸೇರ್ಸು.”

“ಆ ಫೋಟೊದಲ್ಲಿ ಬಸ್ಸೂ ಇಲ್ಲ, ಸ್ಟ್ಯಾಂಡೂ ಇಲ್ಲ ಸಾರ್, ಬರೀ ಅವನ ಬೈಕಿದೆ” ಎಂದಳು ಹರಿಣಿ.

“ಪರ್ವಾಗಿಲ್ಲ. ಹೆಸ್ರು ಕನ್ನಡದಲ್ಲಿ ಹಾಕವ್ನಾ ಇಲ್ವಾ? ಹಾಕವ್ನೆ. ಪ್ರೇಮಿ.”

ಬೈಕಿನ ಪರ್ವೇಜ್ ಕನ್ನಡಪ್ರೇಮಿಯಾದ. ಯಾವುದೋ ಲೇಖನದಲ್ಲಿ ಒಂದು ಅಲ್ಪವಿರಾಮ ಹಾಕಿ ಮತ್ತೆಂದೂ ಕಾಣಿಸಿಕೊಳ್ಳದ ರುಬೀನಾ ಎಂಬಾಕೆಯನ್ನೂ ವೇಣು ಹುಡುಕಿ ತಂದ. ಒಬ್ಬನೇ ಇದ್ದ ಕಡೆ ಮೂವರಾದರು. ಅಮಾನುಲ್ಲಾ ಎರಡನೆಯ ಬೆರಳು ಮಡಿಚಿದ: ‘ಪ್ರೇಮಿ’ ಎಂಬುದು ಹೊಗಳಿಕೆ, ವರ್ಗದ ಹೆಸರಿನಲ್ಲಿ ಹೊಗಳಿಕೆ ಕೂಡದು. ವೇಣು ಅದಕ್ಕೂ ತಯಾರಾಗಿದ್ದ. ಹೊಗಳಿಕೆಗೆ ಆಧಾರ ಕೊಟ್ಟರೆ ಅದು ಹೊಗಳಿಕೆಯಲ್ಲ, ಸಂಗತಿ ಎಂದು ಹೋದ ವರ್ಷ ಸಾರೇ ಬರೆದಿದ್ದಾರೆ. ಸಾರಿಗೆ ಬಂದ ಸನ್ಮಾನಗಳ ಸುದ್ದಿ ಪತ್ರಿಕೆಯಲ್ಲಿದೆ. ಆಧಾರ ಹಾಕಿಬಿಡುತ್ತೇನೆ ಎಂದ. ಹೊಲಿಗೆ ಯಂತ್ರದ ಮೇಲಿನ ಶಾಲುಗಳೆಲ್ಲ ಹೀಗೆ ಆಧಾರಗಳಾದವು. ಅಮಾನುಲ್ಲಾ ಮೂರನೆಯ ಬೆರಳನ್ನೂ ಮಡಿಚಿದ. ಉಳಿದವರಿಗೆ ಊರಿನ ಅಳತೆ, ತನಗೆ ಮಾತ್ರ ಬೇರೆ ಅಳತೆ, ಇದು ಏಕರೂಪವಲ್ಲ ಎಂದ. ವೇಣು ಹೌದಲ್ಲವೆ ಎಂದು ತಲೆ ಕೆರೆದುಕೊಂಡು, “ಸರಿ ಸಾರ್, ಶಿಡ್ಲಘಟ್ಟದ್ ವರ್ಗಾನೂ ಮಾಡ್ತೀನಿ. ಒಂದು ಪುಟ ಎರಡ್ ವರ್ಗದಲ್ಲಿ ಇರಬೋದು ಅಂತ ನೀವೇ ಹೇಳ್ಕೊಟ್ಟಿದ್ದು” ಎಂದು ಒಂದು ನಿಮಿಷದಲ್ಲಿ ಮಾಡಿಯೂ ಬಿಟ್ಟ. ಈಗ ಹೆಸರಿನಲ್ಲಿ ಒಂದು ತಪ್ಪೂ ಉಳಿದಿರಲಿಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ, ಅದೂ ಅಂಚುಗಳನ್ನು ನುಣ್ಣಗೆ ಕೆತ್ತಿದ ಹಳ್ಳ.

“ಎಷ್ಟು ಸಂಕೋಚ ನೋಡಮ್ಮ ಅಮಾನುಲ್ಲಾ ಅವ್ರ್ದು” ಎಂದು ಗಂಗುಲಪ್ಪನವರು ಹರಿಣಿಗೆ ಹೇಳಿ ಮೆಚ್ಚಿ ತಲೆಯಾಡಿಸಿದರು. ಹರಿಣಿ ತಲೆಯಾಡಿಸಲಿಲ್ಲ. ಅವಳು ಅಮಾನುಲ್ಲಾನನ್ನೇ ನೋಡುತ್ತಿದ್ದಳು, ತುಟಿಯ ತುದಿಯಲ್ಲಿ ನಗೆಯಂಥದೇನೋ ಇತ್ತು. ಅವನಿಗೆ ಥಟ್ಟನೆ ನೆನಪಾಯಿತು. ಹಿಂದೆ ‘ಸಂಪಾದಕರು’ ಎಂಬ ದೊಡ್ಡ ವರ್ಗವನ್ನು ಅಚ್ಚುಕಟ್ಟು ಮಾಡುವ ಹುಮ್ಮಸ್ಸಿನಲ್ಲಿ ಅವನು ಹರಿಣಿಯಂಥವರನ್ನೆಲ್ಲ ಅಲ್ಲಿಂದ ಎತ್ತಿ ‘ಮಹಿಳಾ ಸಂಪಾದಕರು’ ಎಂದು ಪಕ್ಕಕ್ಕೆ ಕೂರಿಸಿದ್ದ. “ಸಾರ್, ‘ಪುರುಷ ಸಂಪಾದಕರು’ ಎಲ್ಲಿ ಸಿಗುತ್ತೆ?” ಎಂದು ಅವಳು ಚರ್ಚಾಪುಟದಲ್ಲಿ ಕೇಳಿದ್ದಕ್ಕೆ ಇವನು ನಿಯಮದ ಕಂತೆಯನ್ನೇ ಬಿಚ್ಚಿದ್ದ. ಅವಳು “ಗೊತ್ತಾಯ್ತು ಸಾರ್” ಎಂದಷ್ಟೇ ಬರೆದಿದ್ದಳು. ಏನು ಗೊತ್ತಾಗಿತ್ತು ಅವಳಿಗೆ? ಆಗ ಗೆದ್ದೆನೆಂದುಕೊಂಡಿದ್ದ. ಈಗ ಅವಳ ಕಡೆ ನೋಡಲಾರದೆ ನಿಪ್ಪಟ್ಟಿನ ಡಬ್ಬದೊಳಗೆ ಕೈ ಹಾಕಿದ, ಪುಡಿ ಮಾತ್ರ ಉಳಿದಿತ್ತು.

ಅಷ್ಟರಲ್ಲಿ ವೇಣುವಿನ ಮೊಬೈಲು ಬಡಿದುಕೊಂಡಿತು. ಅವನಮ್ಮ ಮಂಗಮ್ಮ. “ಆಂ ಅಮ್ಮಾ, ಚೇರ್ಕುನ್ನಾನು... ತಿನ್ನಾರಮ್ಮಾ, ಅಂದರೂ ತಿನ್ನಾರು... ಸಾಯಂಕಾಲಂ ವಸ್ತಾ” ಎಂದು, ತಾನು ತಲುಪಿದ್ದನ್ನೂ ಎಲ್ಲರೂ ತಿಂದದ್ದನ್ನೂ ವೇಣು ತೆಲುಗಿನಲ್ಲಿ ರಾಗವಾಗಿ ಹೇಳುತ್ತಿದ್ದರೆ, ಗಂಗುಲಪ್ಪನವರು ದೂರದಿಂದಲೇ, “ನಿಪ್ಪಟ್ಲು ಬಾಗುನ್ನಾಯನಿ ಚೆಪ್ಪಯ್ಯಾ!” ಎಂದು ನಿಪ್ಪಟ್ಟನ್ನು ಹೊಗಳಿ ಕೂಗಿದರು. ಹರಿಣಿಯೂ ತೆಲುಗಿನಲ್ಲೇ ಏನೋ ಸೇರಿಸಿ ನಕ್ಕಳು. ಅಮಾನುಲ್ಲಾ ನೋಡುತ್ತ ಕೂತ. ಈ ಸೀಮೆಯಲ್ಲಿ ಇದೇನು ಹೊಸದಲ್ಲ. ಬೀದಿಯಲ್ಲಿ ಕನ್ನಡ, ಹೊಸಿಲು ದಾಟಿದರೆ ತೆಲುಗು, ಅದನ್ನು ಯಾರೂ ಗಮನಿಸುವುದೂ ಇಲ್ಲ, ಅವನೂ ಗಮನಿಸಿರಲಿಲ್ಲ. ಇವತ್ತು ಗಮನಿಸಿದ. ಈ ಕೋಣೆಯಲ್ಲಿ ಮನೆಗೆ ಹೋಗಿ ಕನ್ನಡ ಆಡುವವರು ಒಬ್ಬರೂ ಇಲ್ಲ. ಇದ್ದುದರಲ್ಲಿ ಶಹಜಾದಿಯ ಅರ್ಧ ಮಾತಾದರೂ ಕನ್ನಡ. ಹಾಗಾದರೆ ಇವರಿಗೆ ತನ್ನ ತಲೆ ಸವರುವ ಅಧಿಕಾರ ಕೊಟ್ಟವರಾರು? ಅವನೊಳಗೆ ಒಂದು ತುಂಟತನ ಎದ್ದಿತು. ತುಂಟತನವೆಂದೇ ಅವನು ಅದಕ್ಕೆ ಹೆಸರಿಟ್ಟುಕೊಂಡ. ಹರಿಣಿಯ ಕಡೆಯಿಂದ ಕೀಲಿಮಣೆ ಎಳೆದುಕೊಂಡು ಹೊಸ ವರ್ಗ ಬರೆದ. ಗೋಡೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: ‘ಕನ್ನಡಪ್ರೇಮಿ ತೆಲುಗು ಸಂಪಾದಕರು’. ಅದರ ಕೆಳಗೆ ಗಂಗುಲಪ್ಪ, ವೇಣು, ಹರಿಣಿ.

“ಏಕರೂಪತೆ” ಎಂದ ಅಮಾನುಲ್ಲಾ. “ಒಂದೇ ಅಳತೆಗೋಲು. ಮೂವರು ಸದಸ್ಯರು. ಬಹುವಚನ.”

ಗಂಗುಲಪ್ಪನವರು ಕೊಡೆ ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕರು. “ಭಲೇ! ಸಿಕ್ಕಾಕೊಂಡ್ವಿ ನೋಡಮ್ಮಾ.” ಹರಿಣಿಯೂ ನಕ್ಕಳು. ವೇಣು ನಗಲಿಲ್ಲ. ಮೊಬೈಲನ್ನು ಜೇಬಿಗೆ ಹಾಕುವುದನ್ನೂ ಮರೆತು ಗೋಡೆಯನ್ನೇ ನೋಡುತ್ತ ನಿಂತಿದ್ದ.

“ಸಾರ್, ಇದೇನ್ ಸಾರ್?”

“ಯಾಕಪ್ಪ? ಹೊಗಳಿದ್ದೀನಲ್ಲ.”

“ನಾನು ಪ್ರೇಮಿ ಹೆಂಗಾಯ್ತೀನಿ ಸಾರ್? ಹುಟ್ಟಿದ್ದಿಲ್ಲಿ, ಓದಿದ್ದು ಕನ್ನಡ್‌ದಲ್ಲಿ, ಕನಸು ಬೀಳೋದೂ ಕನ್ನಡ್‌ದಲ್ಲೇ. ಮನೇಲಿ ಅಮ್ಮನ ಹತ್ರ ಏನಾನ ಆಡ್ಕತೀನಿ, ಅದಕ್ಕೆ?” ಅವನ ದನಿ ಏರಿತು. “ಕನ್ನಡ ನಂದಲ್ವಾ ಸಾರ್? ಯಾರ್ದೋ ವಸ್ತೂನ ಪ್ರೀತಿಸ್ತಿದೀನಾ ನಾನು? ನಮ್ಮನೇಗೆ ನಾನೇ ನೆಂಟನಾ?”

ಅಮಾನುಲ್ಲಾ ಕುರ್ಚಿಯಲ್ಲಿ ಅಲ್ಲಾಡದೆ ಕೂತಿದ್ದ. ಬೆಳಗಿನಿಂದ, ಅಲ್ಲ, ಸ್ಟೀಲಿನ ತಟ್ಟೆಯ ದಿನದಿಂದ ಅವನು ಹೇಳಬೇಕಾಗಿದ್ದ ಮಾತು ಅದು, ಒಂದೊಂದು ಪದವೂ ಅದೇ. ಈ ಹುಡುಗ ಒಂದು ನಿಮಿಷವೂ ತಡೆಯದೆ ಹೇಳಿಬಿಟ್ಟಿದ್ದ. ಹೇಳಲು ಧೈರ್ಯ ಬೇಕು ಎಂಬುದೂ ಹುಡುಗನಿಗೆ ಗೊತ್ತಿರಲಿಲ್ಲ. ತನ್ನದು ತನ್ನದೇ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದ್ದವನಿಗೆ ಬಾಯಿ ತಾನಾಗಿ ಬರುತ್ತದೆ. ಅಮಾನುಲ್ಲಾಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಹುಡುಗನ ಕಣ್ಣು ತುಂಬಿದ್ದು ಕಂಡು ಆ ಕಿಚ್ಚೂ ಆರಿತು. ವೇಣು ಇನ್ನೂ ಏನೋ ಹೇಳಲು ಬಾಯಿ ತೆರೆದವನು ಗೋಡೆಯ ಮೇಲೆ ಎರಡು ಹೆಸರುಗಳು ಒಂದರ ಕೆಳಗೊಂದು ಇರುವುದನ್ನು ನೋಡಿದ. ಮೇಲಿನದನ್ನು ಓದಿದ, ಕೆಳಗಿನದನ್ನು ಓದಿದ, ಮತ್ತೆ ಮೇಲಿನದನ್ನು ಓದಿದ. ಕಿವಿಯ ತುದಿ ಕೆಂಪಾಯಿತು. ಬೆಂಚಿನ ಮೇಲೆ ಕುಸಿದು ಕೂತ.

“ಬೆಳಿಗ್ಗೆಯಿಂದ ಯಾಕ್ ಸಾರ್ ಹೇಳ್ಲಿಲ್ಲ?”

“ಹೇಳಿದ್ನಲ್ಲಪ್ಪ. ಮೂರು ಸಲ ಹೇಳ್ದೆ.”

“ನೀವು ನಿಯಮ ಹೇಳಿದ್ರಿ ಸಾರ್.”

ಗಂಗುಲಪ್ಪನವರು ಏನೋ ಆಯಿತೆಂದು ಮಾತ್ರ ತಿಳಿದು, ಏನಾಯಿತೆಂದು ತಿಳಿಯದೆ, ಕೊಡೆಯನ್ನು ಬಿಚ್ಚಿ ಮಡಿಚಿದರು. ಹರಿಣಿ ಎದ್ದು ಹೋಗಿ ಕಿಟಕಿ ತೆರೆದಳು. ವೇಣು ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಬಂದು ಕೂತು, ತಾನು ಮಾಡಿದ ವರ್ಗ ತೆರೆದು, ಅಳಿಸುವ ಗುಂಡಿ ಒತ್ತಿದ. ಅಳಿಸಲು ಕಾರಣ ಕೊಡಿ ಎಂದು ಖಾಲಿ ಚೌಕವೊಂದು ಗೋಡೆಯ ಮೇಲೆ ಮೂಡಿತು.

“ಏನ್ ಬರೀಲಿ ಸಾರ್? ಯಾವ್ ನಿಯಮ ಹಾಕ್ಲಿ?”

ಅಮಾನುಲ್ಲಾಗೆ ಹಾಕಲು ನಿಯಮಗಳಿಗೆ ಬರವಿರಲಿಲ್ಲ. ಎರಡು ಮೂರು ನಾಲಿಗೆಯ ತುದಿಗೇ ಬಂದವು. ಅವನ್ನು ನುಂಗಿ, ಯಾರ ಮುಖವನ್ನೂ ನೋಡದೆ, “ನನಗೆ ನೋವಾಯ್ತು ಅಂತ ಬರಿ” ಎಂದ. ಆ ಮಾತು ಇಷ್ಟು ಚಿಕ್ಕದಾಗಿರುತ್ತದೆಂದು ಅವನು ಎಣಿಸಿರಲಿಲ್ಲ. ವೇಣು ‘ಅಮಾನುಲ್ಲಾ ಸಾರಿಗೆ ನೋವಾಯಿತು’ ಎಂದು ಬರೆದು ಒತ್ತಿದ. ಮೇಲಿನ ಹೆಸರು ಗೋಡೆಯಿಂದ ಹೋಯಿತು. ಪರ್ವೇಜ್, ರುಬೀನಾ ಇಬ್ಬರೂ ತಮಗೆ ತಿಳಿಯದೆ ಸಿಕ್ಕಿದ್ದ ಪದವಿಯನ್ನು ತಮಗೆ ತಿಳಿಯದೆಯೇ ಕಳೆದುಕೊಂಡರು.

ಕೆಳಗಿನ ಹೆಸರು ಉಳಿದಿತ್ತು. ಅದನ್ನು ಮಾಡಿದವನೇ ಅಳಿಸಬೇಕು. ಅಮಾನುಲ್ಲಾ ಕೀಲಿಮಣೆ ಎಳೆದುಕೊಂಡ. ಖಾಲಿ ಚೌಕ ಅವನ ಮುಂದೆಯೂ ಬಂದು ನಿಂತಿತು. ‘ಅನಗತ್ಯ ವರ್ಗ’ ಎಂದು ಬರೆದ, ಅಳಿಸಿದ. ‘ಪರೀಕ್ಷಾರ್ಥ’ ಎಂದು ಬರೆದ, ಅದನ್ನೂ ಅಳಿಸಿದ. ವೇಣು ಮಾಡಿದ್ದು ಪ್ರೀತಿಯಿಂದ, ಚುಚ್ಚಿದ್ದು ಗೊತ್ತಿಲ್ಲದೆ. ತಾನು? ಮೂವರೂ ಗೋಡೆಯನ್ನು ನೋಡುತ್ತಿದ್ದರು. ಇಲ್ಲಿ ಬರೆದ ಕಾರಣ ಬರೆದವನ ಹೆಸರಿನ ಜೊತೆ ಎಂದೆಂದಿಗೂ ಉಳಿಯುತ್ತದೆ, ಯಾರು ಬೇಕಾದರೂ ಓದಬಹುದು, ಅದನ್ನು ತಿದ್ದಲು ಮಾತ್ರ ಬರುವುದಿಲ್ಲ ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವನು ಅವನೇ. ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿ ಬರೆದ: ‘ನೋಯಿಸಲೆಂದೇ ಮಾಡಿದ್ದು.’

ವೇಣು ಅದನ್ನು ಓದಿ, “ಬ್ಯಾಡ ಸಾರ್” ಎಂದ.

“ಇರ್ಲಿ ಬಿಡಪ್ಪ” ಎಂದು ಅಮಾನುಲ್ಲಾ ಗುಂಡಿ ಒತ್ತಿದ.